ಮೇಲಿನ ಮನೆಯ ಕ್ಲಾರಿನೆಟ್

ಜನವರಿ 9

ಕೆಳಗಿನ ಮನೆಯವನಿಗೆ,

ನಿನ್ನ ಹೆಸರು ನನಗೆ ಗೊತ್ತು. ಕೋರ್ಟಿನಲ್ಲಿ ನೂರು ಸಲ ಕೂಗಿದ್ದಾರೆ. ಆದರೆ ಅದನ್ನು ನನ್ನ ಕೈಯಾರೆ ಬರೆಯುವುದಿಲ್ಲ. ನನ್ನ ಮಗ ಮೇಲಿನ ಮನೆಯಲ್ಲಿದ್ದ, ನೀನು ಕೆಳಗಿನ ಮನೆಯಲ್ಲಿದ್ದೆ. ನಿನ್ನ ಗುರುತಿಗೆ ಅಷ್ಟು ಸಾಕು.

ಬಿಡುಗಡೆ ಮಂಡಳಿಯಿಂದ ನನಗೊಂದು ಕಾಗದ ಬಂದಿದೆ. ಹದಿನೆಂಟು ವರ್ಷದ ಶಿಕ್ಷೆಯಲ್ಲಿ ಹನ್ನೊಂದು ಮುಗಿಸಿದ್ದೀಯಂತೆ, ನಡತೆ ಚೆನ್ನಾಗಿದೆಯಂತೆ, ಉಳಿದದ್ದನ್ನು ಮನ್ನಾ ಮಾಡುವ ಯೋಚನೆ ಇದೆಯಂತೆ. ಸತ್ತವನ ಹತ್ತಿರದವರು ಜೂನ್ ಮೂವತ್ತರೊಳಗೆ ಅಭಿಪ್ರಾಯ ತಿಳಿಸಬೇಕಂತೆ. ಕೆಳಗೆ ಎರಡು ಚೌಕಗಳಿವೆ. ಒಂದು ಬಿಡಬಹುದು, ಇನ್ನೊಂದು ಬಿಡಬಾರದು. ಕಾಗದ ಬಂದ ದಿನ ನಾನು ಪೆನ್ನನ್ನು ಎಷ್ಟು ಒತ್ತಿದೆನೆಂದರೆ ಎರಡನೆಯ ಚೌಕದಲ್ಲಿ ತೂತು ಬಿತ್ತು. ಆಮೇಲೆ ಇನ್ನೊಂದು ಪ್ರತಿ ತರಿಸಿಕೊಂಡೆ.

ಅದನ್ನು ತರಿಸಿದ್ದು ಕರುಣೆಯಿಂದಲ್ಲ. ಹನ್ನೊಂದು ವರ್ಷದಿಂದ ನಿನ್ನನ್ನು ಮನಸ್ಸಿನಲ್ಲಿ ಹೇಗೆಲ್ಲ ಕೊಂದಿದ್ದೇನೆ ಎಂದು ಬರೆದರೆ ನಿಮ್ಮ ಜೈಲಿನ ಗುಮಾಸ್ತರು ಈ ಕಾಗದವನ್ನು ನಿನಗೆ ಕೊಡಲಿಕ್ಕಿಲ್ಲ. ನಿನ್ನದೇ ಸುತ್ತಿಗೆಯಿಂದ, ಅವಸರ ಮಾಡದೆ, ಒಂದೊಂದೇ ಬೆರಳಿನಿಂದ ಶುರುಮಾಡಿ ಕೊಂದಿದ್ದೇನೆ. ಇಷ್ಟು ಓದಿದರೂ ಗುಮಾಸ್ತರು ಕಾಗದ ಕೊಟ್ಟರೆ ಅವರಿಗೆ ನನ್ನ ನಮಸ್ಕಾರ.

ನನಗೆ ಬೇಕಾಗಿರುವುದು ಒಂದೇ ಮಾತು. ನಾನು ಕ್ಲಾರಿನೆಟ್ ಕಲಿಸುವವಳು. ಮಗನಿಗೂ ನಾನೇ ಕಲಿಸಿದೆ. ಅವನು ನನ್ನ ಮನೆ ಬಿಟ್ಟು ಹೋಗಿ ನಿನ್ನ ತಲೆಯ ಮೇಲಿನ ಕೋಣೆಯಲ್ಲಿ ಎಂಟು ತಿಂಗಳಿದ್ದ. ಆ ಎಂಟು ತಿಂಗಳು ಅವನು ನುಡಿಸಿದ್ದನ್ನು ನಾನು ಕೇಳಿಲ್ಲ, ಕೇಳಿದವನು ನೀನೊಬ್ಬನೇ. ಕೋರ್ಟಿನಲ್ಲಿ ನೀನೇ ಹೇಳಿದೆ, "ದಿನಾ ಅದೇ ಹಾಡು ಸ್ವಾಮಿ, ಅದೇ ಜಾಗದಲ್ಲಿ ಕೀರಲು. ಆವತ್ತೂ ಕೀರ್ತು. ತಲೆ ಕೆಟ್ಟುಹೋಯ್ತು, ಎದ್ದು ಹೋಗಿ ಹೊಡೆದುಬಿಟ್ಟೆ." ಆ ಹಾಡನ್ನು ಅವನಿಗೆ ಕೊಟ್ಟವಳು ನಾನು. ಇದು ನಿನ್ನ ಕೈಲಾಗಲ್ಲ ಎಂದವಳೂ ನಾನೇ.

ಅವನಿಗೆ ಅದು ಕೊನೆಗಾದರೂ ಬಂತೋ ಇಲ್ಲವೋ, ಅದನ್ನು ಬರೆ. ಕ್ಷಮೆ ಗಿಮೆ ಎಂದು ಬರೆದರೆ ಹರಿದು ಒಲೆಗೆ ಹಾಕುತ್ತೇನೆ.

ಇಂತಿ,
ಸತ್ತವನ ತಾಯಿ


ಜನವರಿ 21

ಅಮ್ಮನವರಿಗೆ,

ನೀವು ಬರೆಯಬೇಡ ಎಂದದ್ದನ್ನು ಬರೆಯುವುದಿಲ್ಲ. ಕೇಳಿದ್ದಕ್ಕೆ ಉತ್ತರ: ಬರಲಿಲ್ಲ. ಕೋರ್ಟಿನಲ್ಲಿ ಹೇಳಿದ್ದೇ ನಿಜ. ಕೊನೆಯ ದಿನವೂ ಅದೇ ಜಾಗದಲ್ಲಿ ಕೀರಲು ಬಂತು.

ನಾನು ಆಗ ಎಣ್ಣೆ ಡ್ರಮ್ಮು ಮಾಡುವ ಕಾರ್ಖಾನೆಯಲ್ಲಿದ್ದೆ, ಡ್ರಮ್ಮಿನ ಅಂಚು ಬಡಿಯುವ ಕೆಲಸ. ರಾತ್ರಿ ಪಾಳಿ. ಬೆಳಿಗ್ಗೆ ಮನೆಗೆ ಬಂದು ಮಲಗಿದರೂ ಕಿವಿಯೊಳಗೆ ಬಡಿತ ನಿಲ್ಲಲು ಎರಡು ತಾಸು ಬೇಕು. ಅದು ನಿಂತು ಕಣ್ಣು ಹತ್ತುವ ಹೊತ್ತಿಗೆ ಸರಿಯಾಗಿ ಮೇಲಿನಿಂದ ನಿಮ್ಮ ಮಗ ಶುರುಮಾಡುತ್ತಿದ್ದ. ಮೊದಲು ಕೆಳಗಿನ ದನಿಯಲ್ಲಿ ಚೆನ್ನಾಗಿಯೇ ಇರುತ್ತಿತ್ತು. ಆಮೇಲೆ ಮೇಲಕ್ಕೆ ಹೋಗುವ ಕಡೆ ಕೀ ಎನ್ನುತ್ತಿತ್ತು. ನಿಲ್ಲಿಸಿ, ಕಾಲಿಂದ ನೆಲ ಒದ್ದು, ತನ್ನನ್ನೇ ಬೈದುಕೊಂಡು ಮತ್ತೆ ಮೊದಲಿಂದ. ನಾನು ಪೊರಕೆಯ ಕೋಲಿನಿಂದ ಸೂರು ಕುಟ್ಟಿದ್ದೇನೆ. ಮೆಟ್ಟಿಲಲ್ಲಿ ಸಿಕ್ಕಾಗ ಕತ್ತಿನ ಪಟ್ಟಿ ಹಿಡಿದು ಗೋಡೆಗೆ ಒತ್ತಿದ್ದೇನೆ. "ಇನ್ನೊಂದು ವಾರ ಅಣ್ಣಾ, ಬಂದುಬಿಡುತ್ತೆ" ಎನ್ನುತ್ತಿದ್ದ.

ನನಗೆ ಹೊರಗೆ ಕಾಯುವವರು ಯಾರೂ ಇಲ್ಲ. ಆದರೂ ಹೋಗಬೇಕು. ಹನ್ನೊಂದು ವರ್ಷದಿಂದ ನಾನು ಒಂದು ಬಾಗಿಲನ್ನೂ ನನ್ನ ಕೈಯಿಂದ ತೆಗೆದಿಲ್ಲ. ಒಂದು ಬಾಗಿಲು, ಒಳಗಿನಿಂದ ಚಿಲಕ, ಅಷ್ಟೇ ನನ್ನ ಆಸೆ. ನೀವು ಯಾವ ಚೌಕಕ್ಕೆ ಗೀಟು ಹಾಕಿದರೂ ಅದು ನಿಮ್ಮ ಹಕ್ಕು.

ಇಂತಿ,
ಕೆಳಗಿನ ಮನೆಯವನು


ಫೆಬ್ರವರಿ 2

ಕೆಳಗಿನ ಮನೆಯವನಿಗೆ,

ನನ್ನನ್ನು ಅಮ್ಮ ಅನ್ನಬೇಡ. ಹಾಗೆ ಅನ್ನುವವನನ್ನು ನೀನು ಕೊಂದಿದ್ದೀಯ. ಮೇಡಂ ಎಂದು ಬರೆ.

"ಕೀ ಎನ್ನುತ್ತಿತ್ತು" ಎಂದರೆ ನನಗೇನು ತಿಳಿಯುತ್ತದೆ? ನೀನು ಕೇಳಿದ್ದು ಕಿವಿಯಿಂದಲ್ಲ, ಸಿಟ್ಟಿನಿಂದ. ಕ್ಲಾರಿನೆಟ್ಟಿನಲ್ಲಿ ಕೀರಲು ನಾಲ್ಕು ಜಾತಿ. ತುಟಿ ಬಿಗಿ ಹಿಡಿದರೆ ಬರುವುದು ಒಂದು, ಬಾಯಿಗೆ ತಾಗುವ ಬೆತ್ತದ ಚಕ್ಕೆಯನ್ನು ರೀಡ್ ಅನ್ನುತ್ತೇವಲ್ಲ, ಅದು ಸೀಳಿದ್ದರೆ ಬರುವುದು ಒಂದು. ಹಿಂದಿನ ತೂತಿನ ಮೇಲೆ ಎಡ ಹೆಬ್ಬೆರಳು ಜರುಗಿದರೆ ಮೂರನೆಯದು. ಬೆರಳುಗಳೆಲ್ಲ ಒಟ್ಟಿಗೆ ಇಳಿಯದೆ ಒಂದರ ಹಿಂದೆ ಒಂದು ಬಂದರೆ ನಾಲ್ಕನೆಯದು. ನಾಲ್ಕೂ ಬೇರೆ ಬೇರೆ ತಪ್ಪು. ನನ್ನ ಮಗ ಯಾವ ತಪ್ಪಿನಲ್ಲಿ ಸತ್ತ ಎಂದು ನನಗೆ ತಿಳಿಯಬೇಕು.

ಅದಕ್ಕೆ ನೀನೇ ಊದಿ ಕೇಳು. ಕಲಿಯುವವರಿಗೆಂದು ಇಟ್ಟಿದ್ದ ಹಳೆಯ ಕ್ಲಾರಿನೆಟ್ ಒಂದನ್ನು ನಿಮ್ಮ ಜೈಲರಿಗೆ ಕಳಿಸಿದ್ದೇನೆ, ಅವರು ಒಪ್ಪಿದ್ದಾರೆ. ಅವನದನ್ನು ನೀನು ಮುಟ್ಟುವ ಹಾಗಿಲ್ಲ, ಅದು ಚೂರಾಗಿ ಕೋರ್ಟಿನ ಸಾಕ್ಷಿಯ ಗಂಟಿಗೆ ಸೇರಿಹೋಯಿತು.

ಮೊದಲ ಪಾಠ. ಕೆಳತುಟಿಯನ್ನು ಕೆಳಹಲ್ಲಿನ ಮೇಲಕ್ಕೆ ಮಡಚು. ರೀಡು ಆ ತುಟಿಯ ಮೇಲೆ ಕೂರಲಿ. ಮೇಲ್ಹಲ್ಲು ಮೌತ್‌ಪೀಸಿನ ಮೇಲೆ. ಊದು. ವಾರದೊಳಗೆ ತುಟಿಯ ಒಳಗಡೆ ಹಲ್ಲು ಕೊರೆದು ರಕ್ತ ಬರುತ್ತದೆ. ಬರಲಿ. ನಿಲ್ಲಿಸಬೇಡ.

ಅವನ ತಪ್ಪು ಯಾವುದು, ಯಾಕೆ ಆಗುತ್ತಿತ್ತು ಎಂದು ಬೆರಳಿನ ಸಮೇತ ಹೇಳುವ ದಿನ ನಾನು ಆ ಕಾಗದ ತುಂಬುತ್ತೇನೆ. ಯಾವ ಚೌಕ ಎಂದು ಕೇಳಬೇಡ.

ಸತ್ತವನ ತಾಯಿ


ಫೆಬ್ರವರಿ 27

ಮೇಡಂ ಅವರಿಗೆ,

ರಕ್ತ ನಾಲ್ಕನೇ ದಿನಕ್ಕೇ ಬಂತು. ನೀವು ಹೇಳಿದ ಹಾಗೆ ನಿಲ್ಲಿಸಲಿಲ್ಲ. ಊಟದ ಸಾರು ತುಟಿಗೆ ತಾಗಿದರೆ ಪ್ರಾಣ ಹೋದ ಹಾಗಾಗುತ್ತದೆ. ಮೊದಲ ಹತ್ತು ದಿನ ಗಾಳಿ ಬಿಟ್ಟರೆ ಏನೂ ಬರಲಿಲ್ಲ, ಹನ್ನೊಂದನೆಯ ದಿನ ಒಂದು ದನಿ ಬಂತು. ಕೋಣೆಯಲ್ಲಿದ್ದ ಹದಿನಾಲ್ಕು ಜನವೂ ತಿರುಗಿ ನೋಡಿದರು.

ನನ್ನ ಪಕ್ಕದ ಹಾಸಿಗೆಯವನನ್ನು ಎಲ್ಲರೂ ಲಾರಿ ಅನ್ನುತ್ತಾರೆ. ಲಾರಿ ಓಡಿಸುತ್ತಿದ್ದ, ಮೈಕಟ್ಟೂ ಹಾಗೇ ಇದೆ. ಎರಡು ಜನರನ್ನು ಕೊಂದು ಬಂದವನು. "ಇನ್ನೊಂದ್ಸಲ ಊದಿದ್ರೆ ಅದನ್ನ ನಿನ್ನ ಗಂಟಲಲ್ಲಿ ಇಳಿಸ್ತೀನಿ" ಎಂದ. ಊದಿದೆ. ತಟ್ಟೆ ಬೀಸಿ ಒಗೆದ, ಹುಬ್ಬು ಸೀಳಿತು. ಆಮೇಲೆ ಮೂವರು ಸೇರಿ ಕಂಬಳಿ ಹೊದಿಸಿ ಒದ್ದರು. ಮೂತ್ರದಲ್ಲಿ ಎರಡು ದಿನ ರಕ್ತ ಇತ್ತು. ಕ್ಲಾರಿನೆಟ್ಟಿಗೆ ಏನೂ ಆಗಲಿಲ್ಲ, ಹೊಟ್ಟೆಯ ಕೆಳಗೆ ಇಟ್ಟುಕೊಂಡಿದ್ದೆ.

ಜೈಲರು ಈಗ ಮಧ್ಯಾಹ್ನ ಒಂದು ಗಂಟೆ ಬಟ್ಟೆ ಒಗೆಯುವ ಕಟ್ಟೆಯ ಹತ್ತಿರ ಊದಲು ಬಿಟ್ಟಿದ್ದಾರೆ. ನಮ್ಮ ಕಾಗದಗಳನ್ನು ಓದಿ ಮುದ್ರೆ ಹಾಕುವ ಗುಮಾಸ್ತರು ನಿನ್ನೆ ಕೇಳಿದರು, "ಎರಡನೇ ಪಾಠ ಇನ್ನೂ ಬಂದಿಲ್ವೇನಯ್ಯಾ?" ಅವರೂ ಮನೆಯಲ್ಲಿ ಕಡ್ಡಿ ಹಿಡಿದು ತುಟಿ ಮಡಚುತ್ತಿದ್ದಾರೋ ಏನೋ.

ಇಂತಿ,
ಕೆಳಗಿನ ಮನೆಯವನು


ಮಾರ್ಚ್ 15

ಕೆಳಗಿನ ಮನೆಯವನಿಗೆ,

ನಿನ್ನನ್ನು ಕಂಬಳಿಯಲ್ಲಿ ಸುತ್ತಿ ಒದ್ದರು ಎಂದು ಓದಿದಾಗ ಹೊಟ್ಟೆ ತಂಪಾಯಿತು. ಸುಳ್ಳು ಹೇಳುವುದಿಲ್ಲ. ಎರಡನೆಯ ಸಲ ಓದಿದಾಗ ಅಷ್ಟು ತಂಪಾಗಲಿಲ್ಲ, ಅದಕ್ಕೇ ಮೂರನೆಯ ಸಲ ಓದಲಿಲ್ಲ.

ಈ ಕಾಗದದ ಜೊತೆ ಬೆರಳಿನ ಚಿತ್ರಗಳಿವೆ. ಕಪ್ಪು ತುಂಬಿದ್ದು ಮುಚ್ಚಿದ ತೂತು, ಖಾಲಿ ಬಿಟ್ಟದ್ದು ತೆರೆದದ್ದು. ಕೆಳಗಿನ ದನಿಯ ಸ್ವರಗಳನ್ನು ಮೊದಲು ಕಲಿ. ಬೆರಳಿನ ತುದಿಯಿಂದ ಅಲ್ಲ, ಮೆತ್ತಗಿನ ಭಾಗದಿಂದ ಮುಚ್ಚಬೇಕು. ನುಡಿಸಿ ಕೈ ಎತ್ತಿದಾಗ ಬೆರಳಿನ ಮೇಲೆ ಉಂಗುರದ ಗುರುತು ಸರಿಯಾಗಿ ದುಂಡಗೆ ಬಿದ್ದಿರಬೇಕು.

ನಾನು ಕಲಿಸುವಾಗ ಮೇಜಿನ ಮೇಲೆ ಸ್ಟೀಲ್ ಸ್ಕೇಲು ಇರುತ್ತದೆ. ನನಗೆ ಕಲಿಸಿದವರದ್ದು ಮರದ ಪಟ್ಟಿ ಇತ್ತು. ತಪ್ಪಿದ ಬೆರಳಿಗೆ ಅಲ್ಲೇ ಏಟು. ಮಗನಿಗೆ ಏಳು ವರ್ಷಕ್ಕೆ ಶುರುಮಾಡಿದೆ. ಬೇರೆಯವರ ಮಕ್ಕಳಿಗೆ ಒಂದು ಬಿದ್ದರೆ ಅವನಿಗೆ ಮೂರು, ಯಾಕೆಂದರೆ ಅವನು ನನ್ನ ಮಗ, ನನ್ನ ಮಾನದ ಪ್ರಶ್ನೆ. ಹೊಡೆಯುವಾಗ ನನಗೆ ಸಿಟ್ಟು ಬರುತ್ತಿತ್ತು ಅಂದುಕೊಳ್ಳಬೇಡ. ಕೈ ತಾನಾಗಿಯೇ ಹೋಗುತ್ತಿತ್ತು. ಅದು ಇನ್ನೂ ಕೆಟ್ಟದ್ದು ಎಂದು ಈಗೀಗ ಅನ್ನಿಸುತ್ತದೆ.

ಇಪ್ಪತ್ತೆರಡು ವರ್ಷದವನಾಗಿದ್ದಾಗ, ಹತ್ತು ಜನ ಶಿಷ್ಯರ ಎದುರು ಈ ಹಾಡಿನ ಅದೇ ಜಾಗದಲ್ಲಿ ತಪ್ಪಿದ. ಸ್ಕೇಲು ಕೈಗೆ ಸಿಗಲಿಲ್ಲ. ಕೆನ್ನೆಗೆ ಬಾರಿಸಿದೆ. ಬಾಯಲ್ಲಿ ಮೌತ್‌ಪೀಸ್ ಇತ್ತು, ಹಲ್ಲಿನ ಚೂರು ಒಡೆದು ನೆಲಕ್ಕೆ ಬಿತ್ತು. ಅವನು ಬಗ್ಗಿ ಆ ಚೂರನ್ನು ಹುಡುಕಿ ಜೇಬಿಗೆ ಹಾಕಿಕೊಂಡ, ಕ್ಲಾರಿನೆಟ್ ಪೆಟ್ಟಿಗೆಗೆ ಹಾಕಿದ, ಹೊರಟ. "ಕಲಿತು ತೋರಿಸ್ತೀನಿ" ಎಂದ. "ನಿನ್ನ ಕೈಲಾಗಲ್ಲ" ಎಂದೆ. ನಾವಿಬ್ಬರೂ ಆಡಿದ ಕೊನೆಯ ಮಾತು ಅದು.

ಸತ್ತವನ ತಾಯಿ


ಮಾರ್ಚ್ 30

ಮೇಡಂ ಅವರಿಗೆ,

ಮೊದಲ ಮೂರು ಜಾತಿಯ ಕೀರಲನ್ನೂ ಬೇಕೆಂದೇ ಮಾಡಿ ಕೇಳಿದೆ. ಅವು ಯಾವುದೂ ಅಲ್ಲ. ಅವನದು ನಾಲ್ಕನೆಯದು.

ಕೆಳಗಿನ ಮನೆಯವನು


ಏಪ್ರಿಲ್ 4

ನಾಲ್ಕನೆಯದು ಎಂದು ನನಗೂ ಅನುಮಾನ ಇತ್ತು. ಹಾಗಾದರೆ ಕೇಳು. ಹಾಡಿನ ಸ್ವರಗಳನ್ನೂ ಬರೆದು ಜೊತೆಗೆ ಇಟ್ಟಿದ್ದೇನೆ.

ಆ ಹಾಡಿನಲ್ಲಿ ಒಂದು ಕಡೆ ಎಲ್ಲ ಬೆರಳನ್ನೂ ಎತ್ತಿದ ಸ್ವರ ಬರುತ್ತದೆ. ಅದರ ಮರುಕ್ಷಣ ಮೇಲಿನ ದನಿಯ ಮೊದಲ ಸ್ವರ. ಅದಕ್ಕೆ ಎಡ ಹೆಬ್ಬೆರಳು ಹಿಂದಿನ ತೂತನ್ನೂ ಮುಚ್ಚಬೇಕು, ಅದರ ಮೇಲಿನ ಲೋಹದ ಕೀಯನ್ನೂ ಒತ್ತಬೇಕು. ಜೊತೆಗೆ ಎಡಗೈಯ ಮೂರು, ಬಲಗೈಯ ಮೂರು, ಒಂದು ಕಿರುಬೆರಳು, ಹೀಗೆ ಏಳೂ ಒಂದೇ ಸಲಕ್ಕೆ ಇಳಿಯಬೇಕು. ನಾವು ಅದನ್ನು ಏರು ಅನ್ನುತ್ತೇವೆ. ಕೂದಲೆಳೆಯಷ್ಟು ಹಿಂದೆ ಮುಂದೆ ಆದರೂ ಕೀರುತ್ತದೆ. ದಿನಕ್ಕೆ ಇನ್ನೂರು ಸಲ ಮಾಡು. ಅವನ ಬೆರಳುಗಳಲ್ಲಿ ಯಾವುದು ತಡವಾಗುತ್ತಿತ್ತು ಎಂದು ನನಗೆ ಬೇಕು.

ಸತ್ತವನ ತಾಯಿ


ಏಪ್ರಿಲ್ 22

ಮೇಡಂ ಅವರಿಗೆ,

ಅಕ್ಷರ ಸೊಟ್ಟಗಿದೆ. ಬಲಗೈಯ ಕಿರುಬೆರಳು ಮುರಿದಿದೆ, ಪಕ್ಕದ ಬೆರಳಿಗೆ ಸೇರಿಸಿ ಕಟ್ಟಿದ್ದಾರೆ.

ಒಗೆಯುವ ಕಟ್ಟೆಯಲ್ಲಿ ಏರು ಮಾಡುತ್ತಿದ್ದೆ. ನೂರಕ್ಕೆ ನೂರು ಸಲವೂ ಕೀರಲು. ಲಾರಿಗೆ ಆ ವಾರ ಜ್ವರ ಬಂದು ಹಗಲು ಮಲಗಿಸಿದ್ದರಂತೆ, ನಮ್ಮ ಕೋಣೆಯ ಕಿಟಕಿ ಸರಿಯಾಗಿ ಕಟ್ಟೆಯ ಮೇಲೇ ಇದೆ. ಬಕೆಟ್ಟಿನ ಹಿಡಿ ಕಿತ್ತುಕೊಂಡು ಬಂದ. ಮೊದಲನೆಯದು ಬೆನ್ನಿಗೆ ಬಿತ್ತು, ಎರಡನೆಯದು ಕಿವಿಗೆ. ಬಿದ್ದ ಮೇಲೆ ಕೈ ಮೇಲೆ ಕಾಲಿಟ್ಟು ತಿರುವಿದ, ಬೆರಳು ಮುರಿದದ್ದು ನನಗೇ ಕೇಳಿಸಿತು. ಕಣ್ಣು ಕೆಂಪಗೆ, ನಿದ್ದೆ ಇಲ್ಲದೆ ಬಾಯಿ ಒಣಗಿತ್ತು. ಆ ಮುಖವನ್ನು ನಾನು ಹಿಂದೆ ನೋಡಿದ್ದೇನೆ. ಡ್ರಮ್ಮಿನ ಕಾರ್ಖಾನೆಯಿಂದ ಬಂದು ಮುಖ ತೊಳೆಯುವಾಗ ಕನ್ನಡಿಯಲ್ಲಿ ದಿನವೂ ನೋಡುತ್ತಿದ್ದೆ.

ಕಲ್ಲಿನ ಮೇಲೆ ಸೋಪಿನ ಕಬ್ಬಿಣದ ಡಬ್ಬಿ ಕೈಗೆ ಎಟಕುವಂತಿತ್ತು. ಅದನ್ನು ಎತ್ತಿ ಅವನ ತಲೆಗೆ ಹಾಕಿದ್ದರೆ ಲಾರಿ ಅಲ್ಲೇ ಮಲಗಿರುತ್ತಿದ್ದ. ಕೈ ಹೋಗಿತ್ತು ಮೇಡಂ. ನೀವು ಬರೆದ ಹಾಗೆ ತಾನಾಗಿಯೇ ಹೋಗಿತ್ತು. ಹೊಡೆದರೆ ಬಿಡುಗಡೆ ಇಲ್ಲ ಎಂದು ನೆನಪಾಗಿ ಕೈ ಎಳೆದುಕೊಂಡೆ. ಒಳ್ಳೆಯವನಾಗಿ ಬಿಟ್ಟೆ ಎಂದು ಬರೆಯಲು ನಾಚಿಕೆ.

ಕೆಳಗಿನ ಮನೆಯವನು


ಮೇ 3

ಕೆಳಗಿನ ಮನೆಯವನಿಗೆ,

ನಿನ್ನ ಕಾಗದ ಓದಿ ನಕ್ಕೆ. ಅಡುಗೆಮನೆಯಲ್ಲಿ ಒಬ್ಬಳೇ ನಿಂತು, ಪಕ್ಕದ ಮನೆಯವರು ಬಾಗಿಲು ತಟ್ಟುವವರೆಗೆ ನಕ್ಕೆ. ಕೀರಲು ಕೇಳಲಾರದೆ ನಿನ್ನನ್ನೇ ಕೊಲ್ಲಲು ಬಂದನಲ್ಲ. ಆಮೇಲೆ ಕೂತು ಅತ್ತೆ. ಯಾರಿಗಾಗಿ ಎಂದು ಕೇಳಬೇಡ, ನಿನಗಾಗಿ ಅಲ್ಲ.

ಕಿರುಬೆರಳು ಮುರಿದದ್ದು ನೆಪವಾಗುವುದಿಲ್ಲ. ಅದೇ ಸ್ವರದ ಕೀ ಎಡಗೈ ಕಿರುಬೆರಳಿನ ಕಡೆಗೂ ಒಂದಿದೆ, ಅದನ್ನು ಒತ್ತು. ಜೂನ್ ಮೂವತ್ತಕ್ಕೆ ಎಂಟು ವಾರ ಉಳಿದಿದೆ. ಬೆರಳಿನ ಊತ ಇಳಿಯಿತೇ ಎಂದು ತಿಳಿಸು.

ಸತ್ತವನ ತಾಯಿ


ಮೇ 29

ಮೇಡಂ ಅವರಿಗೆ,

ಊತ ಇಳಿದಿದೆ, ಬೆರಳು ಸ್ವಲ್ಪ ಡೊಂಕಾಗಿ ಕೂಡಿಕೊಂಡಿದೆ.

ಮೊನ್ನೆ ಏರು ಬಂತು. ಒಂದು ಸಲ ಬಂದದ್ದಲ್ಲ, ಸಾಲಾಗಿ ಹನ್ನೆರಡು ಸಲ ಕೀರಲಿಲ್ಲದೆ ಬಂತು. ಗುಮಾಸ್ತರು ಕಿಟಕಿಯಿಂದ ಚಪ್ಪಾಳೆ ತಟ್ಟಿದರು. ಲಾರಿ ಕೂಡ "ಅಬ್ಬಾ, ಅಂತೂ ಅದಕ್ಕೆ ಗಂಟಲು ಸರಿ ಹೋಯ್ತು" ಎಂದು ಮಗ್ಗುಲು ಬದಲಿಸಿದ.

ಬಂದದ್ದು ಹೀಗೆ. ಬಲಗೈ ನೋಯುತ್ತಿತ್ತೆಂದು ಎತ್ತಿದ ಸ್ವರದಲ್ಲೂ ಬಲಗೈಯ ಮೂರು ಬೆರಳನ್ನು ಎತ್ತದೆ ಹಾಗೇ ತೂತಿನ ಮೇಲೆ ಇಟ್ಟುಕೊಂಡಿದ್ದೆ. ನೋಡಿದರೆ ಆ ಸ್ವರ ಅದರಿಂದ ಕೆಡುವುದೇ ಇಲ್ಲ. ಆಮೇಲೆ ಏರುವಾಗ ಎಡಗೈ ಇಳಿಸಿದರೆ ಸಾಕು, ಬಲಗೈ ಮೊದಲೇ ಕೂತಿರುತ್ತದೆ. ಅರ್ಧ ಕೆಲಸ ಮುಗಿದೇ ಇರುತ್ತದೆ. ಹೀಗೆ ಮಾಡಬಹುದೇ? ಯಾಕೆ ಕೇಳುತ್ತೇನೆಂದು ನಿಮ್ಮ ಉತ್ತರ ಬಂದ ಮೇಲೆ ಬರೆಯುತ್ತೇನೆ.

ಕೆಳಗಿನ ಮನೆಯವನು


ಜೂನ್ 6

ಕೆಳಗಿನ ಮನೆಯವನಿಗೆ,

ಮಾಡಬಾರದು. ಅದು ಸೋಮಾರಿತನ. ಎತ್ತಿದ ಸ್ವರ ಎಂದರೆ ಎಲ್ಲ ಬೆರಳೂ ಎತ್ತಿರಬೇಕು. ನನಗೆ ಕಲಿಸಿದವರು ಹಾಗೇ ಕಲಿಸಿದ್ದಾರೆ, ನಾನು ಮೂವತ್ತು ವರ್ಷದಿಂದ ಹಾಗೇ ಕಲಿಸಿದ್ದೇನೆ. ಎಷ್ಟೋ ಜನ ಅದನ್ನು ಸರಿ ಎನ್ನುತ್ತಾರೆ, ಅವರ ಶಿಷ್ಯರು ಬಲುಬೇಗ ಮುಂದೆ ಹೋಗುತ್ತಾರೆ ಎಂದೂ ಗೊತ್ತು. ನನ್ನ ಮನೆಯಲ್ಲಿ ಆ ಕಳ್ಳದಾರಿ ಇಲ್ಲ.

ನನ್ನ ಮಗನೂ ಒಂಬತ್ತು ವರ್ಷದವನಾಗಿದ್ದಾಗ ಅದನ್ನು ತಾನೇ ಕಂಡುಹಿಡಿದು, ಅಮ್ಮಾ ನೋಡು ಎಂದು ಓಡಿ ಬಂದು ತೋರಿಸಿದ. ಸ್ಕೇಲಿನ ಅಂಚಿನಿಂದ ಹೊಡೆದೆ. ಮೂರು ಉಗುರು ಕಪ್ಪಾಗಿ ಬಿದ್ದುಹೋದವು. ಅಂದಿನಿಂದ ಅವನು ಬಲಗೈಯನ್ನು ಒಮ್ಮೆಯೂ ಇಳಿಸಿಡಲಿಲ್ಲ. ಅಂದಿನಿಂದಲೇ ಏರಿನಲ್ಲಿ ತಪ್ಪಲು ಶುರುವಾದದ್ದು ಎಂದು ಇದನ್ನು ಬರೆಯುವಾಗ ಲೆಕ್ಕ ಹಾಕುತ್ತಿದ್ದೇನೆ. ಆ ಲೆಕ್ಕ ನನಗೆ ಬೇಡ.

ಯಾಕೆ ಕೇಳಿದೆ ಎಂದು ಬರೆ. ಸುತ್ತಿ ಬಳಸಬೇಡ.

ಸತ್ತವನ ತಾಯಿ


ಜೂನ್ 15

ಮೇಡಂ ಅವರಿಗೆ,

ಇದನ್ನು ಗುಮಾಸ್ತರು ಓದುತ್ತಾರೆ, ಜೈಲರಿಗೆ ಹೇಳುತ್ತಾರೆ ಎಂದು ಗೊತ್ತಿದ್ದೇ ಬರೆಯುತ್ತಿದ್ದೇನೆ. ನೀವು ಇದನ್ನು ಮಂಡಳಿಗೂ ತೋರಿಸಬಹುದು. ಕೀರಲು ಕೇಳಿ ಆ ಕ್ಷಣಕ್ಕೆ ತಲೆ ಕೆಟ್ಟಿತು ಎಂದು ವಕೀಲರು ಹೇಳಿಸಿದ್ದಕ್ಕೇ ನನಗೆ ಹದಿನೆಂಟಾಯಿತು, ಇಲ್ಲದಿದ್ದರೆ ಸಾಯುವವರೆಗೆ ಆಗುತ್ತಿತ್ತು. ನಾನು ಹೇಳಿದ್ದು ಸುಳ್ಳು. ಜನವರಿಯಲ್ಲಿ ನಿಮಗೆ ಬರೆದದ್ದೂ ಸುಳ್ಳು.

ಆವತ್ತು ಅವನು ಶುರುಮಾಡಿದ ತಕ್ಷಣವೇ ನಾನು ಎದ್ದೆ. ಕೀರಲು ಇನ್ನೂ ಬಂದೇ ಇರಲಿಲ್ಲ. ಇವತ್ತು ಮುಗಿಸಿಬಿಡುತ್ತೇನೆ ಎಂದು ಕೆಲಸದ ಚೀಲ ಬಿಚ್ಚಿ ಸುತ್ತಿಗೆ ತೆಗೆದುಕೊಂಡೆ. ಹದಿನಾರು ಮೆಟ್ಟಿಲು. ತಿರುವಿನಲ್ಲಿ ಅವನ ಕೋಣೆಯ ಕಿಟಕಿ ಇದೆ, ತೆರೆದಿತ್ತು. ಬಿಸಿಲು ಒಳಗೆ ಬಿದ್ದಿತ್ತು. ಪಕ್ಕಕ್ಕೆ ತಿರುಗಿ ಕುರ್ಚಿಯ ತುದಿಯಲ್ಲಿ ಕೂತಿದ್ದ. ಆ ಜಾಗ ಬಂತು. ನಾನು ಹಲ್ಲು ಕಚ್ಚಿ ಕೀರಲಿಗೆ ಕಾದೆ. ಕೀರಲು ಬರಲಿಲ್ಲ. ನೀರು ಹರಿದ ಹಾಗೆ ಮೇಲಕ್ಕೆ ಹೋಯಿತು, ಹಾಡು ಮುಂದೆ ಹೋಯಿತು, ಮುಗಿಯಿತು. ಅದು ಹೇಗೆ ಮುಗಿಯುತ್ತದೆ ಎಂದು ನಾನು ಎಂಟು ತಿಂಗಳಲ್ಲಿ ಮೊದಲ ಸಲ ಕೇಳಿದ್ದು. ಅವನು ಒಬ್ಬನೇ ಗಟ್ಟಿಯಾಗಿ ನಕ್ಕ. ಇನ್ನೊಂದು ಸಲ ನುಡಿಸಿದ. ಆಗಲೂ ಬಂತು.

ಎರಡನೆಯ ಸಲ ನಾನು ಅವನ ಕೈ ನೋಡುತ್ತಿದ್ದೆ. ಬಲಗೈಯ ಮೂರು ಬೆರಳು ಮೊದಲೇ ಕೂತಿದ್ದವು. ಅದೇನೆಂದು ಆಗ ನನಗೆ ಗೊತ್ತಿರಲಿಲ್ಲ. ನಿಮ್ಮ ಪಾಠದಲ್ಲಿ ನಾಲ್ಕು ತಿಂಗಳು ಊದಿದ ಮೇಲೆ ಗೊತ್ತಾಯಿತು. ನೀವು ಬೇಡ ಎಂದದ್ದನ್ನೇ ಮಾಡಿ ಅವನು ಗೆದ್ದಿದ್ದ.

ನಾನು ಅಲ್ಲಿಂದಲೇ ಇಳಿದು ಹೋಗಬಹುದಿತ್ತು. ಇನ್ನು ಮೇಲೆ ಕೀರಲು ಇರುತ್ತಿರಲಿಲ್ಲ, ನಿದ್ದೆ ಬರುತ್ತಿತ್ತು. ಆದರೆ ನನಗೆ ಹೊಟ್ಟೆ ಉರಿಯಿತು. ಎಂಟು ತಿಂಗಳು ನನ್ನ ನಿದ್ದೆ ತಿಂದು ಇವನು ನಗುತ್ತಾನಲ್ಲ ಎನ್ನಿಸಿತು. ಬಾಗಿಲು ಬಡಿದೆ. ಕ್ಲಾರಿನೆಟ್ ಕೈಯಲ್ಲಿ ಹಿಡಿದೇ ತೆಗೆದ. ನನ್ನ ಕೈ ನೋಡಲಿಲ್ಲ, ಮುಖ ನೋಡಿದ. "ಕೇಳಿಸ್ತಾ ಅಣ್ಣಾ? ಬಂತು" ಎಂದ. ಹೊಡೆದೆ. ಮೊದಲ ಏಟನ್ನು ತಡೆಯಲು ಕ್ಲಾರಿನೆಟ್ ಅಡ್ಡ ಹಿಡಿದ, ಅದು ಮುರಿಯಿತು. ಆಮೇಲೆ ನಾಲ್ಕು ಹೊಡೆದೆ. ಕೊನೆಯ ಎರಡು ಹೊಡೆಯುವಾಗ ಅವನು ಅಲ್ಲಾಡುತ್ತಿರಲಿಲ್ಲ.

ನೀವು ಕೇಳಿದ್ದಕ್ಕೆ ಉತ್ತರ: ಬಂತು.

ಕೆಳಗಿನ ಮನೆಯವನು


ಜೂನ್ 27

ಕೆಳಗಿನ ಮನೆಯವನಿಗೆ,

ನಿನ್ನ ಕಾಗದ ಬಂದು ಎಂಟು ದಿನವಾಯಿತು. ಮೊದಲ ದಿನ ಸಿಕ್ಕಿದ್ದನ್ನೆಲ್ಲ ಗೋಡೆಗೆ ಎಸೆದೆ. ಮನೆಯಲ್ಲಿ ಈಗ ಎರಡು ಲೋಟ ಮಾತ್ರ ಇವೆ. ಎರಡನೆಯ ದಿನ ಕೂತು ಆ ಹಾಡನ್ನು ಬಲಗೈ ಇಳಿಸಿಟ್ಟು ನುಡಿಸಿದೆ. ಅಷ್ಟು ಸುಲಭವಾಗಿ ಅದು ನನಗೂ ಯಾವತ್ತೂ ಬಂದಿರಲಿಲ್ಲ.

ಮೂರನೆಯ ದಿನ ಪಾಠಕ್ಕೆ ಬಂದ ಹುಡುಗಿಗೆ "ಬಲಗೈ ಬೆರಳು ಎತ್ತಬೇಡಮ್ಮ, ಹಾಗೇ ಇಟ್ಕೋ" ಎಂದೆ. ಅವಳು ನನ್ನ ಮುಖ ನೋಡಿ, ಕ್ಲಾರಿನೆಟ್ಟನ್ನು ಮಡಿಲಿಗೆ ಹಾಕಿಕೊಂಡು, ಎರಡೂ ಕೈಯನ್ನು ಬೆನ್ನ ಹಿಂದೆ ಬಚ್ಚಿಟ್ಟಳು. "ಹೊಡೆಯಲ್ಲ" ಎಂದೆ. ನಂಬಲಿಲ್ಲ. ಸ್ಕೇಲನ್ನು ಕಿಟಕಿಯಿಂದ ಹೊರಗೆ ಎಸೆದು ತೋರಿಸಿದರೂ ಕೈ ಮುಂದೆ ತರಲಿಲ್ಲ, ಅಳುತ್ತಾ ಮನೆಗೆ ಹೋದಳು. ಬೇರೆ ಮೇಷ್ಟ್ರನ್ನು ನೋಡಿಕೊಳ್ಳಿ ಎಂದು ಅವಳ ತಾಯಿಗೆ ನಾನೇ ಹೇಳಿ ಕಳಿಸಿದೆ. ಉಳಿದ ಶಿಷ್ಯರನ್ನೂ ಕಳಿಸಿದೆ. ನಾನು ಇನ್ನು ಯಾವ ಮಗುವಿಗೂ ಕಲಿಸುವುದಿಲ್ಲ.

ಕಾಗದ ತುಂಬಿದ್ದೇನೆ. ಬಿಡಬಾರದು. ನಿನ್ನ ಪತ್ರವನ್ನೂ ಅದರ ಜೊತೆ ಲಗತ್ತಿಸಿದ್ದೇನೆ. ನಿನ್ನ ಶಿಕ್ಷೆ ಇನ್ನು ಏಳು ವರ್ಷಕ್ಕೇ ಮುಗಿಯಲಿಕ್ಕಿಲ್ಲ, ಮೊಕದ್ದಮೆ ಮತ್ತೆ ತೆರೆದು ಸಾಯುವವರೆಗೆ ಇಡಬಹುದು. ಅದು ನಿನಗೆ ಗೊತ್ತಿದ್ದೇ ಬರೆದೆ ಎಂದು ನನಗೂ ಗೊತ್ತು. ಹಾಗಿದ್ದರೂ ನನ್ನ ಕೈ ಮೊದಲನೆಯ ಚೌಕದ ಕಡೆ ಹೋಗಲಿಲ್ಲ, ಹೋಗಲಿ ಎಂದು ನಾನು ಬಯಸಲೂ ಇಲ್ಲ. ನೀನು ನನ್ನ ಮಗ ನಗುತ್ತಿದ್ದಾಗ ಕೊಂದೆ. ಅವನ ಉಗುರು ಬೀಳಿಸಿದವಳು ನಾನು, ಹಲ್ಲು ಒಡೆದವಳು ನಾನು. ಆದರೂ ಅವನು ಕಲಿತ. ಸುತ್ತಿಗೆ ನಿನ್ನದು.

ಇನ್ನೊಂದು ಮಾತು. ಕ್ಲಾರಿನೆಟ್ ನಿನ್ನ ಹತ್ತಿರವೇ ಇರಲಿ ಎಂದು ಜೈಲರಿಗೆ ಬರೆದಿದ್ದೇನೆ. ಜುಲೈ ಮೊದಲ ಶನಿವಾರ ಭೇಟಿಯ ದಿನವಂತೆ, ನಾನು ಬರುತ್ತೇನೆ. ಗುಮಾಸ್ತರು ಎರಡು ಕುರ್ಚಿ ಹಾಕಿಸಲಿ, ನಡುವೆ ಜಾಲರಿ ಇದ್ದರೂ ಅಡ್ಡಿಯಿಲ್ಲ. ನೀನು ಆ ಹಾಡನ್ನು ಅವನು ಆವತ್ತು ನುಡಿಸಿದ ಹಾಗೆಯೇ, ಬಲಗೈ ಇಳಿಸಿಟ್ಟು, ಎರಡು ಸಲ ನುಡಿಸು. ನಾನು ನಿನ್ನ ಮುಖ ನೋಡುವುದಿಲ್ಲ, ಬೆರಳು ನೋಡುತ್ತೇನೆ.

ಎರಡನೆಯ ಸಲ ಮುಗಿದ ಮೇಲೆ, ಬಾಗಿಲು ತೆಗೆದು ಅವನು ನಿನ್ನನ್ನು ಕೇಳಿದ್ದನ್ನು ನೀನು ನನ್ನನ್ನು ಕೇಳು. ಹನ್ನೊಂದು ವರ್ಷದಿಂದ ಅವನಿಗೆ ಯಾರೂ ಉತ್ತರ ಕೊಟ್ಟಿಲ್ಲ. ನಾನು ಕೊಡಬೇಕು.

ಅವನ ತಾಯಿ